ಬಾದಾಮಿ ಮರ ಬದುಕಿದೆ

ಗಡಿಯಾರ ರಿಪೇರಿಯವರಿಗೆ ಅಂಗಡಿಯಲ್ಲಿ ಕೆಲಸ ಕಡಿಮೆಯಾದದ್ದೇ ಎಲ್ಲಕ್ಕೂ ಮೂಲ. ಜನ ಫೋನಿನಲ್ಲೇ ಗಂಟೆ ನೋಡಿಕೊಳ್ಳತೊಡಗಿದ ಮೇಲೆ ಅವರು ಹೊತ್ತು ಕಳೆಯಲು ಮರಗಳ ಗುರುತು ಹಿಡಿಯುವುದನ್ನು ಕಲಿಯತೊಡಗಿದರು. ಮಳೆಗಾಲದಲ್ಲಿ ಎಲೆ ನೋಡಿ, ಚಳಿಯಲ್ಲಿ ಕಾಯಿ ನೋಡಿ, ಎಲೆ ಉದುರಿದ ಮೇಲೆ ತೊಗಟೆ ಸವರಿ, ಒಂದು ವರ್ಷದಲ್ಲಿ ಬೀದಿಯ ಹದಿನಾಲ್ಕು ಮರಗಳೂ ಬೀಗರಷ್ಟು ಪರಿಚಯವಾದವು.

"ಎಲೆ ಇದ್ದಾಗ ಯಾರು ಬೇಕಾದ್ರೂ ಹೇಳ್ತಾರೆ ಕಣೇ. ಬೋಳಾದಾಗ ಹೇಳ್ಬೇಕು," ಎಂದು ಹೆಂಡತಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

"ನಿಮ್ಮ ತಲೆ ನೋಡಿ ಯಾವ ಕಾಲ ಅಂತ ನಾನೂ ಹೇಳ್ತೀನಿ," ಎನ್ನುತ್ತಿದ್ದಳು ಆಕೆ.

ಆ ಬೆಳಿಗ್ಗೆ ಅವರು ಅಂಗಡಿ ತೆಗೆಯುವಷ್ಟರಲ್ಲಿ ಎದುರಿನ ಬಾದಾಮಿ ಮರದ ಕೆಳಗೆ ಜನ ಸೇರಿದ್ದರು. ನಗರಸಭೆಯ ಗುಮಾಸ್ತ ಕಡತ ಹಿಡಿದು ನಿಂತಿದ್ದ. ಪಕ್ಕದಲ್ಲಿ ಗರಗಸದವರಿಬ್ಬರು. ಮರದಲ್ಲಿ ಒಂದೆಲೆಯೂ ಇರಲಿಲ್ಲ.

"ಸತ್ತು ಆರು ತಿಂಗಳಾಯ್ತು ಸಾರ್," ಎನ್ನುತ್ತಿದ್ದ ಪಕ್ಕದ ಅಂಗಡಿಯ ದರ್ಜಿ.

"ಆರಲ್ಲ, ಎಂಟು," ಎಂದರು ಮಹಡಿಮನೆಯ ಅಜ್ಜಿ, ಕೊನೆಗಳಿಗೆಯಲ್ಲಿ ನಾಡಿ ಹಿಡಿದು ಕೂತಿದ್ದವರಂತೆ.

ಗಡಿಯಾರದವರು ಅಂಗಡಿ ಬಾಗಿಲು ಅರ್ಧಕ್ಕೇ ಬಿಟ್ಟು ಬಂದರು. ಈ ಮರದ ನೆರಳಿಲ್ಲದಿದ್ದರೆ ಬೇಸಿಗೆಯಲ್ಲಿ ಅವರ ತಗಡಿನ ಅಂಗಡಿ ಉರಿಯುವ ಒಲೆಯೇ. "ಸತ್ತಿದೆ ಅಂತ ಯಾರ್ರೀ ಹೇಳಿದ್ದು?" ಎಂದು ನುಗ್ಗಿದರು.

ದರ್ಜಿ ಕಣ್ಣು ಮಿಟುಕಿಸಿದ. "ಕಣ್ಣಿಗೆ ದಾರ ಬಿತ್ತಾ? ತೊಳ್ಕೊಳ್ಳಿ," ಎಂದರು ಇವರು. ಅಜ್ಜಿ ಮೊಣಕೈಯಿಂದ ತಿವಿದರು. ಇವರು ಸರಿದು ಜಾಗ ಬಿಟ್ಟರು.

"ಸತ್ತಿದೆ ಅಂತ ಬೀದಿಯೋರೆಲ್ಲ ಸಹಿ ಹಾಕ್ತಿದಾರೆ. ನೀವೂ ಹಾಕ್ಬಿಡಿ," ಎಂದ ಗುಮಾಸ್ತ.

"ಪ್ರಾಣ ಹೋದ್ರೂ ಹಾಕಲ್ಲ! ಇದು ಎಲೆ ಉದುರೋ ಕಾಲ. ಮೊದಲು ಕೆಂಪಾಗುತ್ತೆ, ಆಮೇಲೆ ಬೋಳಾಗುತ್ತೆ, ಆಮೇಲೆ ಚಿಗುರುತ್ತೆ."

"ಏನೂಂದ್ರೆ, ಸ್ವಲ್ಪ ಮನೆಗೆ ಬನ್ನಿ, ಅರ್ಜೆಂಟು," ಎಂದು ಹೆಂಡತಿ ಅಂಗಡಿಯ ಹಿಂದಿನ ಮನೆಯ ಕಿಟಕಿಯಿಂದ ಕೂಗಿದಳು.

"ಇರೇ, ಇಲ್ಲೊಂದು ಜೀವದ ಪ್ರಶ್ನೆ!"

ಗಡಿಯಾರ ನೋಡುವ ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಅಂಗಡಿಯ ಸ್ಟೂಲ್ ಎಳೆದು ಹತ್ತಿ, ಕೊಂಬೆಯ ತುದಿಯಲ್ಲಿ ಮೊಗ್ಗು ಹುಡುಕತೊಡಗಿದರು. ಸ್ಟೂಲಿನ ಕಾಲು ಕಳಚಿತು. ಗಡಿಯಾರದವರು ಕೊಂಬೆಗೆ ಜೋತುಬಿದ್ದು ಲೋಲಕದಂತೆ ತೂಗಾಡಿದರು. ಗುಮಾಸ್ತ ಕಾಲು ಹಿಡಿದ, ದರ್ಜಿ ಗುಮಾಸ್ತನನ್ನು ಹಿಡಿದ.

"ನೋಡಿ, ನೋಡಿ!" ಎಂದು ತೂಗಾಡುತ್ತಲೇ ಅರಚಿದರು. "ಒಣಗಿದ್ರೆ ಲಟಕ್ ಅಂತಿತ್ತು! ಬಾಗುತ್ತೆ, ಮುರಿಯಲ್ಲ! ಹಸಿ! ಹಸಿ!"

ಅಷ್ಟರಲ್ಲಿ ಜೀಪಿನಿಂದ ಇಂಜಿನಿಯರ್ ಸಾಹೇಬರು ಇಳಿದರು. ಗಡಿಯಾರದವರನ್ನು ಕೊಂಬೆಯಿಂದ ಇಳಿಸಿದ ಮೇಲೆ ಸಂಗತಿ ಕೇಳಿ, ಉಗುರಿನಿಂದ ಎಳೆಯ ಕೊಂಬೆಯ ತೊಗಟೆ ಕೆರೆದರು. ಒಳಗೆ ಹಚ್ಚಹಸಿರು. ಸಾಹೇಬರು ಗಡಿಯಾರದವರ ಕೈ ಕುಲುಕಿದರು.

"ಬೀದಿಗೊಬ್ರು ನಿಮ್ಮಂಥೋರಿದ್ರೆ ಸಾಕು ನೋಡಿ."

ಗಡಿಯಾರದವರು ದರ್ಜಿಯ ಕಡೆ ಗೆದ್ದವರಂತೆ ನೋಡಿದರು. ದರ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದ.

"ಹಸಿ ಮರ ಅಂತ ಬರ್ಕೊಳ್ಳಯ್ಯಾ," ಎಂದರು ಸಾಹೇಬರು ಗುಮಾಸ್ತನಿಗೆ. "ಎಲ್ಲಿ, ಗರಗಸ ಹಾಕಿ."

"ಅಯ್ಯೋ, ಬದುಕಿದೆಯಲ್ಲ ಸಾರ್!"

"ಅದಕ್ಕೇ ಸ್ವಾಮಿ. ಚರಂಡಿಗೆ ಅಡ್ಡ ಬರೋ ಹಸಿ ಮರ ಕಡಿಯೋದು ನಮ್ಮ ಕೆಲಸ. ಸತ್ತ ಮರ ಉಗ್ರಾಣದವರ ಆಸ್ತಿ. ಅವರು ಬಂದು ಅಳೆದು ಹರಾಜು ಹಾಕೋವರೆಗೂ ನಾವು ಮುಟ್ಟೋ ಹಾಗಿಲ್ಲ. ಮಾರ್ಕೆಟ್ ಹತ್ರ ಒಂದು ಸತ್ತ ಮರ ಹನ್ನೊಂದು ವರ್ಷದಿಂದ ನಿಂತೇ ಇದೆ."

ಗಡಿಯಾರದವರು ಭೂತಗಾಜನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. "ಸಾರ್... ಈಗ ಸರಿಯಾಗಿ ನೋಡಿದ್ರೆ... ಸತ್ತ ಹಾಗೇ ಕಾಣುತ್ತೆ."

"ದೊಡ್ಡೋರ ವಿನಯ!" ಎಂದು ನಕ್ಕರು ಸಾಹೇಬರು.

ಮಧ್ಯಾಹ್ನಕ್ಕೆ ಮರ ಉರುಳಿತು. "ಬೆಳಿಗ್ಗೆಯಿಂದ ಸತ್ತಿದೆ, ಸತ್ತಿದೆ ಅಂತ ಬಾಯಿ ಬಡ್ಕೊಂಡ್ವಲ್ಲಪ್ಪಾ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಡಿಯಾರದವರು ಯಾರ ಮುಖವನ್ನೂ ನೋಡದೆ ಬಾಗಿಲು ಎಳೆದುಕೊಳ್ಳುತ್ತಿದ್ದಾಗ ಗುಮಾಸ್ತ ಏದುಸಿರು ಬಿಡುತ್ತ ವಾಪಸು ಬಂದ.

"ನಾಳೆ ಎಂಟಕ್ಕೆ ರೆಡಿ ಇರ್ಬೇಕಂತೆ, ಸಾಹೇಬ್ರು ಜೀಪ್ ಕಳಿಸ್ತಾರೆ. ಹಿಂದಿನ ಬೀದೀಲಿ ಒಂಬತ್ತು ಮರ ಇವೆ. ಅಲ್ಲಿಯೋರೂ ಎಲ್ಲಾ ಸತ್ತಿವೆ ಅಂತಿದಾರೆ."