ಎರಡು ಫ್ಲಾಪಿಗಳ ಪೈಕಿ ಒಂದನ್ನು ಆರಿಸುವ ಬಗ್ಗೆ

ಅಡುಗೆಮನೆ ಕಾರ್ಯಾಲಯ, ಕಲ್ಯಾಣಪುರ
ಸಂಖ್ಯೆ: ಅಮಕಾ/ಫ್ಲಾಪಿ/3/1988
ದಿನಾಂಕ: ಶನಿವಾರ, ಬೆಳಗಿನ ತಿಂಡಿಗೆ ಮೊದಲು

ಸುತ್ತೋಲೆ

ವಿಷಯ: ವೋಲ್ಟೇಜ್ ಸ್ಟೆಬಿಲೈಸರಿನ ಸರ್ಕಿಟ್ ಬೋರ್ಡನ್ನು ಕಂಪ್ಯೂಟರಿನಲ್ಲಿ ಬಿಡಿಸಲು, ಎರಡು ಫ್ಲಾಪಿಗಳಲ್ಲಿ ಇರುವವುಗಳ ಪೈಕಿ ತಕ್ಕ ಸಾಫ್ಟ್‌ವೇರ್ ಆರಿಸುವ ಕುರಿತು.

ಉಲ್ಲೇಖ: ಇಂದು ಆರೂವರೆಗೆ ನೀರುದೋಸೆಗೆ ಅಕ್ಕಿ ರುಬ್ಬುತ್ತಿದ್ದಾಗ, ರುಬ್ಬುವ ಕಲ್ಲಿನ ಎರಡೂ ಬದಿಗೆ ನಿಂತು ಇಬ್ಬರು ಗಂಡಸರು ನಡೆಸಿದ ವಾಗ್ವಾದ.

ಎದುರುಕೋಣೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿರುವ ಯಜಮಾನರಾದ ಲಿಯೋನೆಲ್ ಹಾಗೂ ಮಣಿಪಾಲದಲ್ಲಿ ಕಂಪ್ಯೂಟರ್ ತರಗತಿ ನಡೆಸುವ, ಈ ಕಾರ್ಯಾಲಯದ ಸ್ವಂತ ತಮ್ಮ ಸಿರಿಲ್ ಇವರಲ್ಲಿ ಒಮ್ಮತ ಮೂಡದ ಕಾರಣ, ಸಂಬಂಧಪಟ್ಟವರೆಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಇದುವರೆಗೆ ಬೋರ್ಡಿನ ತಾಮ್ರದ ಮೇಲೆ ಗೆರೆ ಎಳೆಯಲು ಬಳಸಲಾಗುತ್ತಿದ್ದ ಕಾರ್ಯಾಲಯದ ಕೆಂಪು ನೈಲ್ ಪಾಲಿಶನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ತಾಮ್ರ ಕರಗಿಸುವ ದ್ರಾವಣವನ್ನು ಇಡ್ಲಿ ಪಾತ್ರೆಯಲ್ಲಿ ಕಲಸಿದವರು ಆ ಪಾತ್ರೆಯನ್ನು ತಾವೇ ಇಟ್ಟುಕೊಂಡು, ಉಡುಪಿಯಿಂದ ಹೊಸದನ್ನು ತರತಕ್ಕದ್ದು.

2. ಮೊದಲನೆಯ ಫ್ಲಾಪಿ ಗೆರೆಗಳನ್ನು ತಾನೇ ಎಳೆಯುತ್ತದೆ. "ನಾವು ಒಂದು ಚಹಾ ಕುಡಿದು ಬರುವಾಗ ಮುಗಿದಿರ್ತದೆ ಭಾವ" ಎಂಬುದು ಸಿರಿಲ್ ಹೇಳಿಕೆ. ಕಳೆದ ವಾರ ಮೂರು ಚಹಾ, ಎರಡು ಪ್ಲೇಟು ಗೋಳಿಬಜೆ ಆದ ಮೇಲೂ ಏಳು ಗೆರೆ ಬಾಕಿ ಇದ್ದವೆಂದು ಯಜಮಾನರು ವರದಿ ಮಾಡಿದ್ದಾರೆ. ಇನ್ನು ಮುಂದೆ ಸಾಫ್ಟ್‌ವೇರಿನ ವೇಗವನ್ನು ಚಹಾದಲ್ಲಿ ಅಳೆಯತಕ್ಕದ್ದಲ್ಲ.

3. ಎರಡನೆಯದರಲ್ಲಿ ಪ್ರತಿ ಗೆರೆಯನ್ನೂ ನಾವೇ ಎಳೆಯಬೇಕು. "ಹಾಗಾದರೆ ಕಂಪ್ಯೂಟರ್ ಎಂತಕ್ಕೆ ಮಾರಾಯ, ಪೆನ್ಸಿಲ್ ಸಾಕಲ್ವಾ?" ಎಂಬ ಯಜಮಾನರ ಆಕ್ಷೇಪಣೆಯನ್ನು ದಾಖಲಿಸಲಾಗಿದೆ. ಪೆನ್ಸಿಲ್ ಎಲ್ಲಿ ಎಂದು ಅವರು ದಿನವೂ ಕೇಳುವುದನ್ನೂ ದಾಖಲಿಸಲಾಗಿದೆ.

4. ಮೊದಲನೆಯದರಿಂದ ಮುದ್ರಿಸಿದ ಚಿತ್ರವನ್ನು ಮಗುಚದೆ ತಾಮ್ರಕ್ಕೆ ಇಳಿಸಿದ್ದರಿಂದ ಬೋರ್ಡು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಹಾಳಾಯಿತು. ಇದು ಫ್ಲಾಪಿಯದೇ ತಪ್ಪು ಎಂದು ಇಬ್ಬರೂ ತೀರ್ಮಾನಿಸಿದ್ದಾರೆ. ಅವರಿಬ್ಬರು ಒಪ್ಪಿದ ಸಂಗತಿ ಇದೊಂದೇ.

5. ಕಸೂತಿಯ ನಕ್ಷೆಯನ್ನು ಹಿಂಬದಿಯಿಂದ ಓದಬಲ್ಲವರು ಈ ಮನೆಯಲ್ಲಿ ಇಬ್ಬರು. ಒಬ್ಬಳು ಅಕ್ಕಿ ರುಬ್ಬುತ್ತಿದ್ದಾಳೆ. ಇನ್ನೊಬ್ಬಳು ಹದಿಮೂರರ ಮಗಳು ಝೀಟಾ. ಅದೇ ಬೋರ್ಡನ್ನು ಸರಿಯಾಗಿ ಮಗುಚಿ, ಒಂದು ಗೆರೆ ಇನ್ನೊಂದನ್ನು ದಾಟದಂತೆ ಗ್ರಾಫ್ ಹಾಳೆಯಲ್ಲಿ ಬಿಡಿಸಿ ಅಕ್ಕಿ ಡಬ್ಬದ ಕೆಳಗೆ ಅಡಗಿಸಿದವರು ಯಾರೆಂದು ಕಾರ್ಯಾಲಯಕ್ಕೆ ತಿಳಿದುಬಂದಿಲ್ಲ. ಡಬ್ಬವನ್ನು ದಿನಕ್ಕೆರಡು ಸಲ ಎತ್ತಿದರೂ ತಿಳಿದುಬಂದಿಲ್ಲ.

6. ಇಂದು ಎಂಟರ ಬಸ್ಸಿಗೆ ಗಂಡಸರು ಮಣಿಪಾಲಕ್ಕೆ ಹೋಗಿ ಎರಡನ್ನೂ ಪರೀಕ್ಷಿಸಿ ಒಂದನ್ನು ಆರಿಸಲಿದ್ದಾರೆ. ಕಂಪ್ಯೂಟರಿನ ಎದುರು ಕುರ್ಚಿ ಒಂದೇ. ಅದನ್ನು ಯಾರಿಗಾದರೂ ಕೊಡಿಸುವ ಅಧಿಕಾರ ಈ ಕಾರ್ಯಾಲಯಕ್ಕೆ ಉಂಟು, ಚಲಾಯಿಸಲಾಗುವುದಿಲ್ಲ. ಬೇಕಾದವರು ತಮ್ಮ ಬಾಯಿಂದಲೇ ಕೇಳತಕ್ಕದ್ದು. ಅರ್ಜಿ ನಮೂನೆ ಇರುವುದಿಲ್ಲ. ಸ್ವರ ನಡುಗಿದರೂ ತಿರಸ್ಕರಿಸಲಾಗುವುದಿಲ್ಲ.

7. ಕೇಳುವವರೆಗೆ ಕಾವಲಿಯನ್ನು ಒಲೆಗೆ ಏರಿಸಲಾಗುವುದಿಲ್ಲ. ತಿಂಡಿ ತಿನ್ನದೆ ಯಾರೂ ಹೊರಡತಕ್ಕದ್ದಲ್ಲ. ಎಂಟರದು ತಪ್ಪಿದರೆ ಒಂಬತ್ತಕ್ಕೆ ಬಸ್ಸು ಉಂಟು.

(ಸಹಿ)
ಬರ್ತಾ
ಮುಖ್ಯಾಧಿಕಾರಿ ಹಾಗೂ ಏಕಮಾತ್ರ ಸಿಬ್ಬಂದಿ

ಪ್ರತಿಗಳು:
– ಲಿಯೋನೆಲ್ ಅವರಿಗೆ, ಕನ್ನಡಕ ಸಿಕ್ಕಿದ ಮೇಲೆ ಓದಲು.
– ಸಿರಿಲ್‌ಗೆ, ಮುಂದಿನ ಚಹಾ ಕೇಳುವ ಮೊದಲು.
– ಅಕ್ಕಿ ಡಬ್ಬದ ಕೆಳಗೆ, ಕಡತಕ್ಕೆ.

ಸೇರ್ಪಡೆ: ಏಳು ಗಂಟೆ ಐವತ್ತು ನಿಮಿಷಕ್ಕೆ ಕಾವಲಿಯನ್ನು ಒಲೆಗೆ ಏರಿಸಲಾಗಿದೆ. ಕೊನೆಯ ಪ್ರತಿಯನ್ನು ಯಾರೋ ತೆಗೆದುಕೊಂಡಿದ್ದು, ಎದುರುಕೋಣೆಯಿಂದ ಕೇಳಿಬಂದದ್ದನ್ನು ಇಲ್ಲಿ ನಮೂದಿಸಲಾಗಿದೆ: "ಪಪ್ಪಾ, ಆ ಕುರ್ಚಿಯಲ್ಲಿ ನಾನು ಕೂತು ನೋಡಬಹುದಾ?"