ಹಗಲಿನಲ್ಲಿ ಕಂಡ ಅರುಂಧತಿ

ಅಳಿಯನನ್ನು ಬಯ್ಯಲು ಯಾವ ಅತ್ತೆಗೂ ಹೇಳಿಕೊಡಬೇಕಾಗಿಲ್ಲ. ಹೊಗಳುವುದೇ ಕಷ್ಟ, ಬಾಯಿ ಒಣಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಕಾಗದದ ಮುಂದೆ ನಾಚಿಕೆ ಕಡಿಮೆ. ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಗಂಡ ಸತ್ತ ಮೇಲೆ ನಾನು ಆಸ್ಟ್ರೇಲಿಯದ ಅಡಿಲೇಡಿಗೆ, ಮಗಳ ಮನೆಗೆ ಬಂದಿದ್ದೆ. ಅಳಿಯ ಮೂಳೆ ಡಾಕ್ಟರು. ಹಗಲೆಲ್ಲ ಆಸ್ಪತ್ರೆಯಲ್ಲಿ ಮುರಿದ ಕಾಲು ಜೋಡಿಸಿ, ರಾತ್ರಿ ಪ್ರಾಸ್ಪೆಕ್ಟ್ ಬಡಾವಣೆಯ ಮನೆಯ ಹಿತ್ತಲಲ್ಲಿ ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಏರಿಸಿ ಚುಕ್ಕಿಗಳ ಫೋಟೊ ತೆಗೆಯುತ್ತಿದ್ದರು. "ಕತ್ತಲೆಯ ಫೋಟೊ ತೆಗೆಯುವ ಮನುಷ್ಯನನ್ನು ಈಗಲೇ ನೋಡಿದ್ದು," ಎಂದು ಮಗಳ ಹತ್ತಿರ ಗುಟ್ಟಾಗಿ ಆಡಿಕೊಂಡೆ. ನನ್ನ ಗುಟ್ಟು ಬೀದಿಗೆಲ್ಲ ಕೇಳಿಸುತ್ತದೆ. ಅವರು ನಕ್ಕು, "ಅತ್ತೆ, ಬನ್ನಿ, ಈ ವೈರಿನ ತುದಿ ನೀವು ಒತ್ತಿ," ಎಂದರು. ಒತ್ತಿದೆ. ಅಲ್ಲಿಂದ ನನಗೂ ಹುಚ್ಚು ಹಿಡಿಯಿತು. ಮೊದಲ ರೀಲು ತೊಳೆಯಲು ಕೊಟ್ಟಾಗ ಅಂಗಡಿಯ ಹುಡುಗಿ, "ಏನೂ ಬಂದಿಲ್ಲ, ಲವ್," ಎಂದು ಅಲ್ಲಿಯವರು ಎಲ್ಲರನ್ನೂ ಕರೆಯುವ ಹಾಗೆ ನನ್ನನ್ನೂ ಕರೆದು, ಒಂದು ಪ್ರಿಂಟನ್ನೂ ಹಾಕದೆ ಹಿಂದಕ್ಕೆ ಕೊಟ್ಟಳು. ರೀಲು ಕೆಟ್ಟಿಲ್ಲವೆಂದು ಅವಳಿಗೆ ಗೊತ್ತಾಗಲಿ ಎಂದು, ಮುಂದಿನ ರೀಲಿನ ಮೊದಲಿಗೆ ಹಗಲಲ್ಲೇ ನನ್ನ ಮುಖದ್ದೊಂದು ತೆಗೆದೆವು. ಅದನ್ನು ನೋಡಿದ ಮೇಲೆ ಚುಕ್ಕಿಗಳೇ ವಾಸಿ ಅನ್ನಿಸಿರಬೇಕು, ಎಲ್ಲಕ್ಕೂ ಪ್ರಿಂಟು ಹಾಕಿದಳು.

ಅಷ್ಟರಲ್ಲಿ ಮೊಮ್ಮಗಳು ವೀಣಾಳ ಮದುವೆ ನಿಶ್ಚಯವಾಯಿತು. ಮದುವೆಯಲ್ಲಿ ಹೆಣ್ಣಿಗೆ ಅರುಂಧತಿಯನ್ನು ತೋರಿಸಬೇಕಲ್ಲ, ವಸಿಷ್ಠನ ಪಕ್ಕದ ಆ ಸಣ್ಣ ನಕ್ಷತ್ರವನ್ನು? ನನ್ನ ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಮೇಲಕ್ಕೆ ಬೆರಳು ತೋರಿಸಿದ್ದರು. ನನಗೆ ಕಂಡದ್ದು ಹೆಂಚಿನ ಮೇಲಿನ ಕಾಗೆ. "ಕಂಡಿತು" ಎಂದೆ. ಆಮೇಲೆ ಸಂಸಾರದಲ್ಲಿ ಹೇಳಿದ ಸುಳ್ಳುಗಳಿಗೆಲ್ಲ ಅದೇ ಬೋಣಿ. ಈ ಹುಡುಗಿಯಾದರೂ ಕಂಡು "ಕಂಡಿತು" ಅನ್ನಲಿ ಎಂದು ನನಗೆ ಹಟ. ಅವಳೋ, "ಅಜ್ಜಿ, ಜಸ್ಟ್ ಪಾಯಿಂಟ್ ಸಮ್‌ವೇರ್. ಐ ವಿಲ್ ಸೇ ಯೆಸ್," ಎಂದಳು. "ಹಾಗನ್ನಬಾರದು ಅಂತಲೇ ಕಣೇ ಇಷ್ಟು ಹೊಡಕೊಳ್ಳೋದು!" ಎಂದೆ. ಅಳಿಯ ತಲೆ ಕೆರೆದುಕೊಂಡರು. "ಅತ್ತೆ, ಅಡಿಲೇಡಲ್ಲಿ ಅರುಂಧತಿ ಕಾಣೋದೇ ಇಲ್ಲ. ಭೂಮಿ ಅಡ್ಡ ಬರುತ್ತೆ. ಬ್ರಿಸ್ಬೇನಲ್ಲಾದ್ರೆ ಮೇ ತಿಂಗಳಲ್ಲಿ ಉತ್ತರಕ್ಕೆ, ನೆಲದಿಂದ ಒಂಚೂರು ಮೇಲೆ ಸಿಗ್ತಾಳೆ."

ಮೇನಲ್ಲಿ ಅವರಿಗೆ ಬ್ರಿಸ್ಬೇನಿನಲ್ಲಿ ಡಾಕ್ಟರುಗಳ ಸಭೆಯಿತ್ತು. ನನ್ನನ್ನೂ ಕರೆದೊಯ್ದರು. ಉಳಿದುಕೊಂಡಿದ್ದ ಫೋರ್ಟಿಟ್ಯೂಡ್ ವ್ಯಾಲಿ ಎಂಬ ಪೇಟೆಯಲ್ಲಿ ಬೀದಿದೀಪಗಳ ಹಾವಳಿಗೆ ಚಂದ್ರನೇ ಮಂಕು. ಪಾಪ, ಸಭೆಯ ಔತಣ ಬಿಟ್ಟು ನನ್ನನ್ನು ಬಾಡಿಗೆ ಕಾರಿನಲ್ಲಿ ಊರಾಚೆಯ ಗುಡ್ಡಕ್ಕೆ ಒಯ್ದರು. ಸಪ್ತರ್ಷಿಗಳು ತಲೆಕೆಳಗಾಗಿ ನಿಂತಿದ್ದರು, ಅರ್ಧ ಜನ ಮಂಜಿನೊಳಗೆ. "ಅಲ್ಲಿ ನೋಡಿ ಅತ್ತೆ, ಒತ್ತಿ!" ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಇಪ್ಪತ್ತರವರೆಗೆ ಎಣಿಸಿದೆ. ರೀಲು ತೊಳೆಸಿ ನೋಡಿದರೆ, ಅರುಂಧತಿ ಬಂದಿದ್ದಳು!

ಮದುವೆ ಮನೆಯಲ್ಲೇ; ಪುರೋಹಿತರು ಸಿಗದ ಊರಾದ್ದರಿಂದ ಆ ದಿನ ಪೌರೋಹಿತ್ಯಕ್ಕೆ ಕೂತವರು ನಮ್ಮ ಪರಿಚಯದ ಕಣ್ಣಿನ ಡಾಕ್ಟರು. ಧಾರೆಯಾದ ಮೇಲೆ, ದೊಡ್ಡದು ಮಾಡಿಸಿದ್ದ ಫೋಟೊ ಹಿಡಿದು, "ಅರುಂಧತಿ ಕಂಡಳೇನಮ್ಮಾ?" ಎಂದರು. ವೀಣಾ ಬಗ್ಗಿ ನೋಡಿದಳು. "ನೋ, ಅಂಕಲ್. ರೆಡ್ ಡಾಟ್ ಇದೆ." ಬೆಳಿಗ್ಗೆ ಫೋಟೊವನ್ನು ದೇವರ ಮುಂದಿಟ್ಟು ಪೂಜೆ ಮಾಡಿ, ಅರುಂಧತಿ ಮುತ್ತೈದೆಯಲ್ಲವೇ ಎಂದು ಸರಿಯಾಗಿ ಅವಳ ಮೇಲೇ ಕುಂಕುಮ ಇಟ್ಟಿದ್ದೆ. ಸೆರಗಿನಿಂದ ಒರೆಸಿದೆ; ವಸಿಷ್ಠನೂ ಕೆಂಪಾದ. "ಹೋಗಲಿ, ಕಂಡಿತು ಅಂದ್ಬಿಡಮ್ಮ," ಎಂದರು ಕಣ್ಣಿನ ಡಾಕ್ಟರು. "ಬಟ್ ಕಾಣಿಸ್ತಿಲ್ಲ, ಅಂಕಲ್!" ಎಂದಳು. ನನಗೆ ಅಳುವೂ ಬಂತು, ಹೆಮ್ಮೆಯೂ ಆಯಿತು.

ಆಗ ಅಳಿಯ ಜೇಬಿನಿಂದ ಫಿಲ್ಮಿನ ತುಂಡೊಂದನ್ನು ತೆಗೆದರು. "ಅತ್ತೆ ಪೂಜೆ ಮಾಡದೆ ಬಿಡಲ್ಲ ಅಂತ ಗೊತ್ತಿತ್ತು," ಎಂದು, ಹೆಣ್ಣು ಗಂಡು ಇಬ್ಬರನ್ನೂ ಹಿತ್ತಲಿಗೆ ಕರೆದು ಫಿಲ್ಮನ್ನು ಮಧ್ಯಾಹ್ನದ ಆಕಾಶಕ್ಕೆ ಎತ್ತಿ ಹಿಡಿದರು. ಫಿಲ್ಮಿನಲ್ಲಿ ಎಲ್ಲ ತಿರುವುಮುರುವು. ರಾತ್ರಿ ಬೆಳ್ಳಗೆ, ಚುಕ್ಕಿ ಕಪ್ಪಗೆ. "ಓ! ಟೂ ಆಫ್ ದೆಮ್! ದೊಡ್ಡದು, ಪಕ್ಕದಲ್ಲಿ ಚಿಕ್ಕದು. ಕಂಡಿತು ಅಜ್ಜೀ!" ಎಂದು ಕೂಗಿದಳು ವೀಣಾ.

ಊಟಕ್ಕೆ ಕೂತಾಗ, ಹೊಗಳುವ ಬದಲು, ನಾನೇ ಹೋಗಿ ಅಳಿಯನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿ ಬಂದೆ. ಮಗಳು ನನ್ನ ಕಿವಿಯಲ್ಲಿ, "ಏನಮ್ಮ ನೀನು! ಅವರಿಗೆ ಹೋಳಿಗೆ ಮೊದಲಿಂದಲೂ ಸೇರಲ್ಲ. ನೀನು ಬಡಿಸ್ತೀಯ ಅಂತ ಹಬ್ಬಹಬ್ಬಕ್ಕೂ ತಿಂತಾರೆ," ಎಂದಳು. ತಿರುಗಿ ನೋಡಿದರೆ, ಆ ಮನುಷ್ಯ ಎರಡನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.