ಕೀಚೈನಿಗೆ ಅರಿಶಿನ ಕುಂಕುಮ

ಮೊಮ್ಮಗಳಿಗೆ ಕೆಲಸ ಸಿಕ್ಕ ಸುದ್ದಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡುವುದಿದೆಯಲ್ಲ, ಅಂಥ ಶಿಕ್ಷೆಯನ್ನು ಯಾವ ಅಜ್ಜಿಗೂ ಕೊಡಬಾರದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ನಮ್ಮ ಸಿಂಧು ಓದಿದ್ದು ಇಂಜಿನಿಯರಿಂಗು. ಅವಳು ಕೊನೆಯ ಪರೀಕ್ಷೆ ಬರೆಯುವ ಮೊದಲೇ ಕಂಪನಿಯವರು ಕಾಲೇಜಿಗೆ ಬಂದು ಆರಿಸಿಕೊಂಡು ಹೋದರಂತೆ. ನಮ್ಮ ಕಾಲದಲ್ಲಿ ಹೀಗೆ ತಾವಾಗಿ ಬಂದು ಹುಡುಗಿಯನ್ನು ನೋಡಿ ಒಪ್ಪುತ್ತಿದ್ದವರು ಗಂಡಿನ ಕಡೆಯವರು ಮಾತ್ರ. ಅವರು ಹಾಡು ಹೇಳಿಸುತ್ತಿದ್ದರು, ಇವರು ಕಂಪ್ಯೂಟರಿನ ಪ್ರಶ್ನೆ ಕೇಳಿದರಂತೆ. ಅವರು ಒಪ್ಪಿದರೆ ನಾವು ಕೊಡಬೇಕಿತ್ತು, ಇವರು ಒಪ್ಪಿದರೆ ಅವರೇ ಕೊಡುತ್ತಾರಂತೆ. ಕಾಲ ಕೆಟ್ಟುಹೋಯಿತು ಅನ್ನುವವರು ಒಮ್ಮೆ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗಲಿ.

ಇಷ್ಟಾದರೂ ಸುದ್ದಿಯನ್ನು ಯಾರಿಗೂ ಹೇಳಕೂಡದು ಎಂದು ನನ್ನ ಮಗ ರಂಗನಾಥ ಅಪ್ಪಣೆ ಮಾಡಿದ್ದ. ನಾನು ಹೇಳಲಿಲ್ಲ. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಮಾರುವವನ ಹತ್ತಿರ ಮಾತ್ರ ಹೇಳಿದೆ, ಅದೂ ಕನ್ನಡದಲ್ಲಿ. ಅವನಿಗೆ ಬಂಗಾಳಿ ಬಿಟ್ಟು ಕನ್ನಡ ಬರುವುದಿಲ್ಲವಾದ್ದರಿಂದ ಅದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಸುಮ್ಮನೆ ಚೀಲಕ್ಕೆ ಹಾಕಿದ.

ರಂಗನಾಥ ಬಾಯಿ ಮುಚ್ಚಿಸಿದ್ದಕ್ಕೆ ಕಾರಣವಿತ್ತು. ಮಗಳನ್ನು ಕೆಲಸಕ್ಕೆ ಕಳಿಸುವುದೋ ಬೇಡವೋ ಎಂದು ಅವನೇ ಇನ್ನೂ ತೀರ್ಮಾನಿಸಿರಲಿಲ್ಲ. ಅವನು ರೈಲ್ವೆಯ ಕಚೇರಿಯಲ್ಲಿ ಕೆಲಸಕ್ಕಿರುವವನು. ಗ್ಯಾಸಿನ ತಿರುಪನ್ನು ಮುಚ್ಚಿದ ಮೇಲೆ ಮತ್ತೊಮ್ಮೆ ಮುಚ್ಚಿ ನೋಡುವ ಜಾತಿ. ಕಂಪನಿ ಇರುವುದು ಊರಿನ ಆಚೆ ತುದಿಯ ಸೆಕ್ಟರ್ ಫೈವ್‌ನಲ್ಲಿ, ನಮ್ಮ ಮನೆ ದಕ್ಷಿಣದಲ್ಲಿ. ಕೆಲಸ ಮುಗಿಸಿ ಎರಡು ಬಸ್ಸು ಹಿಡಿದು ಬರುವಷ್ಟರಲ್ಲಿ ಕತ್ತಲಾಗುತ್ತದೆ. ಬ್ಯಾಂಕಿನ ಪರೀಕ್ಷೆ ಕಟ್ಟಲಿ, ಹತ್ತಿರದಲ್ಲೇ ಎಲ್ಲಾದರೂ ಸಿಗುತ್ತದೆ ಎಂಬುದು ಅವನ ವಾದ. ಕಂಪನಿಯವರಿಗೆ ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಸಿಂಧು ಊಟ ಬಿಟ್ಟಿದ್ದಳು. ಪೂರ್ತಿ ಬಿಟ್ಟಿರಲಿಲ್ಲ, ಅನ್ನ ಬಿಟ್ಟು ಬಿಸ್ಕತ್ತು ತಿನ್ನುತ್ತಿದ್ದಳು. ಸೊಸೆ ಲಲಿತ ಒಲೆಯ ಮುಂದೆ ನಿಂತು, ನೀವೇ ಏನಾದರೂ ಮಾಡಿ ಅತ್ತೆ ಎಂದು ಪಿಸುಗುಟ್ಟಿದಳು. ನಾನು ಮಗನ ಮುಂದೆ ಹೋಗಿ ಕೂತೆ.

ಅವನು ಪೇಪರು ಮಡಚಿಟ್ಟ. “ಅಮ್ಮಾ, ಇದು ನಮ್ಮೂರಲ್ಲ. ದಾರೀಲಿ ಏನಾದ್ರೂ ಆಗಿ ಮಗು ಕೂಗಿಕೊಂಡ್ರೆ, ಓಡಿ ಬರೋಕೆ ಇಲ್ಲಿ ನಮ್ಮೋರು ಅಂತ ಯಾರಿದ್ದಾರೆ?”

ಈ ಬಂಗಾಳಿಗಳ ಊರಿನಲ್ಲೇ ಅರ್ಧ ಆಯುಸ್ಸು ಕಳೆದವನು, ಮೀನಿನ ಸಂತೆಯ ಪಕ್ಕ ಮೂಗು ಮುಚ್ಚದೆ ನಡೆಯಲು ಕಲಿತವನು ಆಡಿದ ಮಾತು ಇದು. ಅಷ್ಟರಲ್ಲಿ ಸಿಂಧು ಒಳಗಿನಿಂದ ಬಂದು, ಈಗ ಹುಡುಗಿಯರಿಗಾಗಿಯೇ ಒಂದು ಥರದ ಕೀಚೈನ್ ಬಂದಿದೆ, ಬೀಗದ ಕೈ ಜೊತೆ ಸಿಕ್ಕಿಸಿಕೊಂಡರೆ ಆಪತ್ತಿಗೆ ಆಗುತ್ತದೆ, ತನ್ನ ಗೆಳತಿಯರೆಲ್ಲ ಇಟ್ಟುಕೊಂಡಿದ್ದಾರೆ ಎಂದಳು. ರಂಗನಾಥ ನಕ್ಕ. ಎಲ್ಲಿ, ಅಂಥದ್ದೊಂದು ತಂದು ತೋರಿಸಿ, ಭಾನುವಾರ ಸಂಜೆ ನೋಡುತ್ತೇನೆ, ಆಟದ ಸಾಮಾನಾಗಿದ್ದರೆ ಕೆಲಸದ ಮಾತು ಅಲ್ಲಿಗೇ ಮುಗಿಯಿತು ಎಂದ. ನಾನು ತಕ್ಷಣ, ಅದನ್ನು ಆರಿಸಿ ತರುವ ಜವಾಬ್ದಾರಿ ನನ್ನದು ಎಂದುಬಿಟ್ಟೆ. ಕೀಚೈನ್ ಅಂದರೆ ಏನೆಂದು ಆಮೇಲೆ ಲಲಿತಳನ್ನು ಕೇಳಿ ತಿಳಿದುಕೊಂಡೆ.

ನನಗೆ ಈ ವಿಷಯದಲ್ಲಿ ಅನುಭವವಿಲ್ಲ ಅಂತಲ್ಲ. ಹುಡುಗಿಯಾಗಿದ್ದಾಗ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ನಾವೆಲ್ಲ ಸೆರಗಿನ ಪಿನ್ನನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ನಿಲ್ಲುತ್ತಿದ್ದೆವು. ಒಮ್ಮೆ ಹಿಂದಿನಿಂದ ಯಾರದೋ ಕೈ ಭುಜ ತಟ್ಟಿತು. ನಾನು ಹಿಂದೆಮುಂದೆ ನೋಡದೆ ಚುಚ್ಚಿದೆ. ಅದು ಕಂಡಕ್ಟರನ ಕೈ, ಟಿಕೇಟು ಕೇಳಲು ಬಂದದ್ದು. ಆ ಮನುಷ್ಯ ಒಳ್ಳೆಯವನು, ಏನೂ ಅನ್ನಲಿಲ್ಲ. ಆದರೆ ಅಲ್ಲಿಂದ ಮುಂದೆ ಎಷ್ಟೋ ದಿನ ನನ್ನ ಟಿಕೇಟನ್ನು ದೂರದಲ್ಲೇ ನಿಂತು ಹರಿದು, ಜನರ ಕೈಯಿಂದ ಕೈಗೆ ದಾಟಿಸಿ ಕಳಿಸುತ್ತಿದ್ದ.

ಶನಿವಾರ ಸಿಂಧುವನ್ನು ಕರೆದುಕೊಂಡು ಗರಿಯಾಹಾಟ್‌ಗೆ ಹೋದೆ. ಅಲ್ಲಿ ಫುಟ್‌ಪಾತಿನ ಮೇಲೆ ಸಿಗದ ವಸ್ತುವೇ ಇಲ್ಲ. ಬಳೆ ಮತ್ತು ಕ್ಲಿಪ್ಪಿನ ಅಂಗಡಿಯವನೊಬ್ಬ ನನ್ನನ್ನು ಮಾಶಿಮಾ ಎಂದು ಕರೆದು, ಅಂದರೆ ಚಿಕ್ಕಮ್ಮಾ ಎಂದು ಉಪಚಾರ ಮಾಡಿ, ಒಂದು ಟ್ರೇ ತುಂಬ ಕೀಚೈನು ತಂದಿಟ್ಟ. ಸೀರೆ ಆರಿಸುವುದು ಇದರ ಮುಂದೆ ಏನೂ ಅಲ್ಲ. ಸೀರೆ ಚೆನ್ನಾಗಿಲ್ಲದಿದ್ದರೆ ಸೊಸೆಗೆ ಕೊಟ್ಟುಬಿಡಬಹುದು. ಮೊದಲು ಒಂದು ಪೀಪಿ ತೋರಿಸಿದ. ಊದಲು ಉಸಿರು ಬೇಕು, ಹೆದರಿದವರಿಗೆ ಉಸಿರು ಎಲ್ಲಿಂದ ಬರಬೇಕು ಎಂದು ಬದಿಗಿಟ್ಟೆ. ಆಮೇಲೆ ಬೆಕ್ಕಿನ ಮುಖದ ಒಂದು ಕಬ್ಬಿಣದ ತುಂಡು. ಅದರ ಕಣ್ಣಿನೊಳಗೆ ಬೆರಳು ತೂರಿಸಿ ಕಿವಿಯಿಂದ ಗುದ್ದಬೇಕಂತೆ. ಅದಕ್ಕೆ ಗುದ್ದುವಷ್ಟು ಹತ್ತಿರ ಹೋಗಬೇಕು. ನಮ್ಮ ಹುಡುಗಿ ದೂರ ಓಡಬೇಕು ಎಂಬುದು ನನ್ನ ಆಸೆ. ಮೂರನೆಯದು ಮೆಣಸಿನ ನೀರಿನ ಸೀಸೆ, ಮುಖಕ್ಕೆ ಚಿಮ್ಮಿಸುವಂಥದ್ದು. ಇದು ನನಗೆ ಬಹಳ ಹಿಡಿಸಿತು, ಅಡುಗೆಮನೆಯ ನೆಂಟಸ್ತನ ನೋಡಿ. ಮೆಣಸು ಯಾವಾಗ ಅರೆದದ್ದು ಎಂದು ಕೇಳಿದೆ. ಅವನು ಸೀಸೆ ತಿರುಗಿಸಿ ಬರಹ ತೋರಿಸಿದ. ಸಿಂಧು ಓದಿ, ಅವಧಿ ಮುಗಿದು ಎಷ್ಟೋ ಕಾಲವಾಗಿದೆ ಎಂದಳು. ಹಳೆಯ ಮೆಣಸಿನಿಂದ ಸಾರು ಕೂಡ ಆಗುವುದಿಲ್ಲ, ಇನ್ನು ರಕ್ಷಣೆ ಎಲ್ಲಿಯದು. ಮೇಲಾಗಿ ಎದುರುಗಾಳಿ ಬೀಸಿದರೆ ನಮ್ಮ ಕಣ್ಣಿಗೇ ಬೀಳುತ್ತದಂತೆ.

ಕೊನೆಗೆ ತೋರಿಸಿದ್ದು ಹುಣಸೆಬೀಜದ ಆಕಾರದ ಒಂದು ಕೆಂಪು ಡಬ್ಬಿ, ಅಂಗೈಯಲ್ಲಿ ಅಡಗುವಷ್ಟು. ಅದರ ತಲೆಯಲ್ಲಿ ಒಂದು ಪಿನ್ನು, ಪಿನ್ನಿಗೊಂದು ಉಂಗುರ. ಅಂಗಡಿಯವನು ಉಂಗುರ ಹಿಡಿದು ಎಳೆದ. ಅಬ್ಬಬ್ಬ, ಏನು ಹೇಳಲಿ. ಗರಿಯಾಹಾಟಿನ ಗದ್ದಲವನ್ನು ಮೀರಿಸುವ ಸದ್ದು ಭೂಮಿಯ ಮೇಲೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಆಟೋದವನು ಬ್ರೇಕು ಹಾಕಿದ. ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟ. ಅಂಗಡಿಯವನು ಪಿನ್ನನ್ನು ಮತ್ತೆ ಸಿಕ್ಕಿಸಿದ, ಸದ್ದು ನಿಂತಿತು. ಇದೇ ಆಗಲಿ ಎಂದೆ. ಹುಡುಗಿಯರ ಚೀಲದಲ್ಲಿ ಕೈ ಹಾಕಿದರೆ ಬಾಚಣಿಗೆ, ಛತ್ರಿ, ಅರ್ಧ ತಿಂದ ಚಾಕಲೇಟು, ಎಲ್ಲ ಸಿಕ್ಕಿದ ಮೇಲೆ ಬೇಕಾದ್ದು ಸಿಗುತ್ತದೆ. ಆದ್ದರಿಂದ ಇದನ್ನು ಚೀಲದ ಹೊರಗೇ ಕೊಕ್ಕೆಗೆ ಸಿಕ್ಕಿಸಿರಬೇಕು ಎಂದು ಅಲ್ಲೇ ಸಿಂಧುವಿನಿಂದ ಮಾತು ತೆಗೆದುಕೊಂಡೆ. “ಅಜ್ಜಿ, ಟೆನ್ಷನ್ ಮಾಡ್ಬೇಡ, ನಾನು ಪ್ರಾಮಿಸ್ ಮಾಡ್ತೀನಿ” ಎಂದಳು. ಅವಳ ಕನ್ನಡದಲ್ಲಿ ಕನ್ನಡ ಅಷ್ಟೇ ಇರುತ್ತದೆ, ಆದರೆ ಪ್ರೀತಿಗೆ ಸಾಕಾಗುತ್ತದೆ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಹೊಸ ವಸ್ತು ಯಾವುದೇ ಮನೆಗೆ ಬರಲಿ, ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿ, ಹೂವಿಡದೆ ಬಳಸಲು ನಾನು ಬಿಡುವುದಿಲ್ಲ. ಕುಕ್ಕರಿಗೂ ಆಗಿದೆ, ಫ್ರಿಜ್ಜಿಗೂ ಆಗಿದೆ. ಸಿಂಧುವಿನ ಕಂಪ್ಯೂಟರಿನ ಹಣೆಯ ಮೇಲೆ ಈಗಲೂ ಕುಂಕುಮದ ಗುರುತಿದೆ. ಅಂಥದ್ದರಲ್ಲಿ ಮಗುವಿನ ಕಾವಲಿಗೆ ಬಂದ ವಸ್ತುವನ್ನು ಹಾಗೇ ಬಿಡುವುದುಂಟೇ? ಭಾನುವಾರ ಸಂಜೆ ದೀಪ ಹಚ್ಚಿದವಳು, ರಂಗನಾಥ ನೋಡುವ ಮೊದಲು ದೇವರು ನೋಡಲಿ ಎಂದು ಅದನ್ನು ತಟ್ಟೆಯಲ್ಲಿಟ್ಟು, ಅರಿಶಿನ ಕಲಸಿ ಧಾರಾಳವಾಗಿ ಹಚ್ಚಿದೆ. ಕುಂಕುಮವಿಟ್ಟೆ. ಇಲ್ಲಿ ರಜನಿಗಂಧ ಅನ್ನುವ ಸುಗಂಧರಾಜದ ಹೂವಿಟ್ಟರೆ ಜಾರಿ ಜಾರಿ ಬಿತ್ತು. ಆಗ ಆ ಉಂಗುರ ಕಣ್ಣಿಗೆ ಬಿತ್ತು. ಹೂವಿನ ತೊಟ್ಟು ಸಿಕ್ಕಿಸಲೆಂದೇ ಮಾಡಿದ ಹಾಗಿತ್ತು. ತೊಟ್ಟನ್ನು ತೂರಿಸಿದೆ. ಓರೆಯಾಯಿತೆಂದು ಸ್ವಲ್ಪ ಮೇಲಕ್ಕೆಳೆದೆ.

ಹೂವೂ ಪಿನ್ನೂ ನನ್ನ ಕೈಗೆ ಬಂದವು. ಡಬ್ಬಿ ದೇವರ ಮುಂದೆ ಅರಚತೊಡಗಿತು. ಪಿನ್ನನ್ನು ವಾಪಸು ತುರುಕೋಣವೆಂದರೆ ತೂತಿನ ತುಂಬ ನನ್ನದೇ ಅರಿಶಿನ. ಸೆರಗಿನಲ್ಲಿ ಸುತ್ತಿದೆ, ದಿಂಬಿನ ಕೆಳಗಿಟ್ಟೆ, ಕೊನೆಗೆ ಅಕ್ಕಿ ಡಬ್ಬದೊಳಗೆ ಹೂತೆ. ಅಕ್ಕಿಯೊಳಗಿನಿಂದಲೂ ಅಷ್ಟೇ ಜೋರಾಗಿ ಹಾಡಿತು. ರಂಗನಾಥ ಒಂದು ಕೆನ್ನೆಗೆ ಮಾತ್ರ ಸೋಪು ಹಚ್ಚಿಕೊಂಡು ಬಚ್ಚಲಿನಿಂದ ಓಡಿ ಬಂದ. ಸುತ್ತಲ ಮನೆಗಳಲ್ಲಿ ಸಂಜೆಯ ಶಂಖ ಊದುವ ಹೊತ್ತು. ಒಂದೊಂದೇ ಶಂಖ ನಿಂತುಹೋಯಿತು. ಆಮೇಲೆ ಮೆಟ್ಟಿಲ ಮೇಲೆ ಕಾಲುಗಳ ಸದ್ದು ಶುರುವಾಯಿತು.

ರಂಗನಾಥ ಚಿಲಕ ತೆಗೆಯುವಷ್ಟರಲ್ಲಿ ಬಾಗಿಲ ತುಂಬ ಜನ. ಎದುರುಮನೆಯ ಮಿತ್ರಾ ಬೌದಿ ಶಂಖವನ್ನು ಎಸೆಯುವ ಹಾಗೆ ಎತ್ತಿ ಹಿಡಿದಿದ್ದರು. ಇಲ್ಲಿ ಬೌದಿ ಅಂದರೆ ಅತ್ತಿಗೆ. ಅವರ ಸೆರಗಿನ ತುದಿಗೆ ಕಟ್ಟಿದ ಬೀಗದ ಕೈಗಳು ಇನ್ನೂ ಬೆನ್ನ ಮೇಲೆ ತೂಗಾಡುತ್ತಿದ್ದವು. ಕೆಳಗಿನ ಕ್ಲಬ್ಬಿನಲ್ಲಿ ಕೇರಂ ಆಡುತ್ತಿದ್ದ ಗಂಡಸರೆಲ್ಲ ಬಂದಿದ್ದರು. ಅವರಲ್ಲಿ ಹಿರಿಯನಾದ ತಪನ್‌ದಾ, ಅಂದರೆ ತಪನಣ್ಣನ ಕೈಯಲ್ಲಿ ಸ್ಟ್ರೈಕರು ಹಾಗೇ ಇತ್ತು. ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆಯ ಸಮೇತ ಬಂದಿದ್ದ, ಬಿಸಿಯಾಗಿತ್ತು. ಸಿಂಧು ಮಾತ್ರ ಗಾಬರಿಯಾಗದೆ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಸ್ಕ್ರೂಡ್ರೈವರು ತಂದು, ಡಬ್ಬಿ ಬಿಚ್ಚಿ ಸೆಲ್ಲು ತೆಗೆದಳು. ಅರಚಾಟ ನಿಂತಿತು. ಎಲ್ಲರೂ ಅರಿಶಿನ ಮೆತ್ತಿದ ನನ್ನ ಕೈಯನ್ನು ನೋಡಿದರು.

ಯಾರು, ಎಲ್ಲಿ, ಏನಾಯಿತು ಎಂದು ಕೇಳಿದರು. ರಂಗನಾಥ ಸೋಪಿನ ಮುಖದಲ್ಲೇ ಹಿಂದಿ ಬಂಗಾಳಿ ಕಲಸಿ ವಿವರಿಸಬೇಕಾಯಿತು. ಸೆಕ್ಟರ್ ಫೈವ್‌ನಲ್ಲಿ ಮಗಳಿಗೆ ಕೆಲಸ ಎಂಬಲ್ಲಿಗೆ ಬಂದಾಗ ಮುಂದಿನದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮಿತ್ರಾ ಬೌದಿ ಶಂಖವನ್ನು ಅಲ್ಲೇ ಊದಿಬಿಟ್ಟರು. ಇಂಥ ಸುದ್ದಿ ಮುಚ್ಚಿಟ್ಟುಕೊಂಡಿದ್ದಕ್ಕೆ ಎಲ್ಲರೂ ಸೇರಿ ಅವನನ್ನು ಬೈದರು. ಇನ್ನೂ ಒಪ್ಪಿಲ್ಲ ಎಂದು ಹೇಳಲು ಅವನು ಬಾಯಿ ತೆರೆದ, ತಪನ್‌ದಾ ಆ ಬಾಯಿ ತೆರೆದಿರುವಾಗಲೇ ಕೈ ಕುಲುಕಿದ. ಬಸ್ಸು ನಿಲ್ಲುವುದು ನಮ್ಮ ಕ್ಲಬ್ಬಿನ ಮುಂದೆಯೇ, ನಾವು ದಿನಾ ಅಲ್ಲೇ ಕೂತಿರುತ್ತೇವೆ, ಹುಡುಗಿ ಇಳಿಯದೆ ಕೇರಂ ಬೋರ್ಡು ಎತ್ತಿಡುವುದಿಲ್ಲ ಎಂದ.

ಎಲ್ಲರೂ ಇಳಿದುಹೋದ ಮೇಲೆ ರಂಗನಾಥ ಬಾಗಿಲಲ್ಲೇ ನಿಂತಿದ್ದ. ಸಿಂಧು ಹತ್ತಿರ ಹೋದಳು. “ಅಪ್ಪಾ, ಕೀಚೈನ್ ಇದ್ರೂ ಇಲ್ದಿದ್ರೂ ನಾನು ಕೇರ್‌ಫುಲ್ ಆಗಿ ಇರ್ತೀನಿ. ನೀನು ಯೆಸ್ ಹೇಳು, ಅಷ್ಟೇ.”

ಅವನು ಒಣಗಿದ ಸೋಪನ್ನು ಕೆನ್ನೆಯಿಂದ ಉಜ್ಜಿದ. “ನಾನು ಚಿಲಕ ತೆಗೆಯೋಕೆ ಮುಂಚೇನೇ ಬಂದುಬಿಟ್ಟಿದ್ರಲ್ಲ ಇವರು” ಎಂದು ತನಗೇ ಹೇಳಿಕೊಂಡ. ಆಮೇಲೆ ಶರಟು ಹಾಕಿಕೊಂಡು ಸಂದೇಶ್ ಮಿಠಾಯಿ ತರಲು ಹೊರಟ. ಇಡೀ ಕಟ್ಟಡಕ್ಕೂ ಕ್ಲಬ್ಬಿಗೂ ಹಂಚಿದ. ನಾನು ಅಡುಗೆಮನೆಯಲ್ಲಿ ಲಲಿತಳನ್ನು ಹಿಡಿದುಕೊಂಡು ಅತ್ತೆ. ಸಂತೋಷಕ್ಕೆ, ಮತ್ತೆ ಆ ಅಕ್ಕಿಯೆಲ್ಲ ಅರಿಶಿನವಾಗಿ ಹೋಗಿತ್ತು, ಅದಕ್ಕೂ ಸ್ವಲ್ಪ.

ಸಿಂಧು ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಚೀಲದ ಹೊರಗೆ ಕೆಂಪು ಡಬ್ಬಿ ತೂಗುತ್ತದೆ, ಮೂಲೆಯಲ್ಲಿ ಹಳದಿ ಇನ್ನೂ ಹೋಗಿಲ್ಲ. ಆಫೀಸಿನ ಹುಡುಗಿಯರು ಅದೇನೆಂದು ಕೇಳಿ, ಕಥೆ ತಿಳಿದು, ತಮಗೂ ಅಂಥದ್ದೇ ಬೇಕು, ಅಜ್ಜಿಯ ಕೈಯಿಂದ ಅರಿಶಿನ ಕುಂಕುಮ ಆಗಿರಲೇಬೇಕು ಎಂದು ಹಟ ಹಿಡಿದಿದ್ದಾರೆ. ಗರಿಯಾಹಾಟಿನ ಅಂಗಡಿಯವನು ನಾನು ವ್ಯಾಪಾರ ಶುರುಮಾಡಿದ್ದೇನೆ ಎಂದೇ ತಿಳಿದಿದ್ದಾನೆ. ಭಾನುವಾರ ಸಂಜೆ ತಟ್ಟೆಯಲ್ಲಿ ಡಬ್ಬಿಗಳ ಸಾಲು, ನಾನು ಒಣ ಅರಿಶಿನ ಹಚ್ಚುತ್ತೇನೆ. ಕೆಲಸ ಬೇಡ ಎಂದಿದ್ದ ರಂಗನಾಥ ಮಡಿ ಪಂಚೆ ಉಟ್ಟು ಎದುರಿಗೆ ಕೂತು, ಒಂದೊಂದರ ಪಿನ್ನನ್ನೂ ಹೆಬ್ಬೆರಳಿನಿಂದ ಅದುಮಿ ಹಿಡಿದಿರುತ್ತಾನೆ.

ಹೋದ ವಾರ ಸಿಂಧು, ಲೇಕ್ ಮಾರ್ಕೆಟ್ಟಿಗೆ ಅಜ್ಜಿ ಒಬ್ಬಳೇ ಹೋಗುತ್ತಾಳೆ, ಅವಳಿಗೂ ಒಂದು ಕೊಡಿಸೋಣ ಎಂದಳು. ಯಾರಾದರೂ ಈ ಮಾತು ಎತ್ತಲಿ ಎಂದು ನಾನು ಕಾದೇ ಇದ್ದೆ. ಬಣ್ಣ ಯಾವುದೆಂದು ಯೋಚಿಸುತ್ತಿದ್ದೆ.

ರಂಗನಾಥ ಹೆಬ್ಬೆರಳು ತೆಗೆಯದೆ ಹೇಳಿದ. “ಅಜ್ಜಿಗೆ ಯಾಕೆ ಮಗಳೇ? ಅವಳಿಗೆ ಹುಟ್ಟುವಾಗಲೇ ಒಂದು ಕೊಟ್ಟು ಕಳಿಸಿದ್ದಾನೆ ದೇವರು. ನಿಲ್ಲಿಸೋಕೆ ಪಿನ್ನು ಕೊಡೋದು ಮರೆತಿದ್ದಾನೆ, ಅಷ್ಟೇ.”

ಲಲಿತ ಒಳಗೆ ನಕ್ಕಿದ್ದು ನನಗೆ ಕೇಳಿಸಿತು. ಇದಕ್ಕೆ ಸರಿಯಾದ ಉತ್ತರ ನನ್ನಲ್ಲಿತ್ತು. ಹೇಳಲು ಶುರುಮಾಡಿದವಳು ದೀಪ ಶಾಂತವಾಗುವವರೆಗೂ ಹೇಳಿದೆ.